ಲೀಟರಿಗೆ ಎಷ್ಟು

ಬಾಣಾವರದ ಬಂಕಲ್ಲಿ ನಮ್ಮ ಟೆಂಪೊ-ಮನೆಗೆ
ಕಂಠಪೂರ್ತಿ ಡೀಸೆಲ್ಲು.
ಚೆಲುವಾಂಬ ಹಾಲಿನ ಲೆಕ್ಕದ ಹಳೇ ಪುಸ್ತಕ ತೆರೆದು
ಭಾಗಿಸುತ್ತಾಳೆ: ಒಂಬತ್ತು ಪಾಯಿಂಟ್ ಒಂದು.
"ನಿಮ್ಮ ಬಲಗಾಲು ಭಾರ" ಅನ್ನುತ್ತಾಳೆ,
ಮೂವತ್ತು ವರ್ಷ ಲಾರಿ ತುಳಿದ ಕಾಲಿಗೆ.

ಟೈರಿಗೆ ಗಾಳಿ ಹೊಡೆಸಿದೆ. ಐವತ್ತೈದು ದಾಟಲಿಲ್ಲ.
ತೊಟ್ಟಿಯ ಅರ್ಧ ನೀರು ಬಿಟ್ಟೆ
ಜಾವಗಲ್ಲಿನ ಒಂದು ಬೇವಿನ ಬುಡಕ್ಕೆ.
ಹಳೇಬೀಡು ಬರುವಷ್ಟರಲ್ಲಿ ಕನ್ನಡಿಯೊಳಗಿಂದ
ನನ್ನ ಕಣ್ಣು ಒರಳುಕಲ್ಲಿನ ಮೇಲೆ:
ನಲವತ್ತು ಕೇಜಿ. ಅವಳ ತವರಿನದು.
ಬಾಯಿ ಬಿಡಲಿಲ್ಲ.

ಮೂಡಿಗೆರೆಯಲ್ಲಿ ಮತ್ತೆ ಕಂಠಪೂರ್ತಿ.
ಹತ್ತು ಪಾಯಿಂಟ್ ನಾಲ್ಕು!
ನಂಬದೆ ಎರಡು ಸಲ ಭಾಗಿಸಿದಳು.
ಅವಳು ಚಾ ತರಲು ಇಳಿದಾಗ
ಕನ್ನಡಕ ಹಾಕಿ ನೋಡಿದೆ,
ಅಂಚಿನಲ್ಲಿ ಸಣ್ಣಗೆ, ಪೆನ್ಸಿಲ್ಲಿನಲ್ಲಿ:
ಕಲ್ಲೂ ಸೇರಿ.