ಗೂಟ ಎಷ್ಟು ಬೇಕು

ನವೀ ಪೇಠಿನ ಅಂಗಡ್ಯಾಗ
ನುಣ್ಣನ ಫರಸಿ ಮ್ಯಾಲ ಹುಡುಗ ಅದನ್ನ ಬಿಚ್ಚಿ ನಿಲ್ಲಿಸಿದ:
ಕಬ್ಬಿಣದ ಚೇಳು. ಐದು ಕಾಲು, ಐದು ಗೂಟ,
ಗೂಟಕ್ಕೊಂದು ಕರೀ ಮಕಮಲ್ಲಿನ ಟೊಪಗಿ.
"ಕಿತೀ ಆಹೇತ?" ಅಂದ.
ನಾಲ್ಕು, ಅಂದೆ.
"ಪಾಚವಾ ರಾಹೂ ದ್ಯಾ," ಅಂದ,
ಮುಂದ ಯಾರೋ ಹುಟ್ಟಿ ಬರಾವ್ರು ಅದಾರ ಅನ್ನೋಹಂಗ.

ನಾಲ್ಕಂದ್ರೂ ನಾಲ್ಕು ಒಂದೇ ಅಲ್ಲ.
ನಂದು ಎಬೊನೈಟು, ನಡುವ ಸೀಳಿದಲ್ಲೆ
ಹಿತ್ತಾಳಿ ಬಳಿ ತೊಟ್ಟದ್ದು.
ಸೈಫನ್ನಂದು ಬಿಳೀ ಲೋಹ,
ಪುಷ್ಯದ ಬೆಳಗಿನ್ಯಾಗ ಮುಟ್ಟಿದ್ರ ಬಳ್ಳು ಜುಮ್ಮಂತಾವ.
ದುರ್ಗಪ್ಪನ ಕ್ಲಾರ್ನೆಟ್ಟು ಗಿಡ್ಡ,
ಅದರ ಬಾಯಿ ಚಹಾದ ಗ್ಲಾಸಿನಷ್ಟು,
ಊರಿನ ನಾಯಿಗೋಳೆಲ್ಲಾ ಅದಕ್ಕ ಓಗೊಡ್ತಾವ.
ನಾಲ್ಕನೇದು ಮಾವ ಮಲಕಪ್ಪಂದು,
ಸ್ಪ್ರಿಂಗ ಹೋದಲ್ಲೆಲ್ಲಾ ರಬ್ಬರ ಬ್ಯಾಂಡು.

ಬಿಡಿ ಸ್ಟ್ಯಾಂಡೂ ಇದ್ವು, ಪ್ಲಾಸ್ಟಿಕ್ಕಿನವು,
ಮಡಚಿದ್ರ ವಾದ್ಯದ ಹೊಟ್ಟ್ಯಾಗ ಕೂಡ್ತಾವ.
ಎತ್ತಿ ನೋಡಿದೆ, ಹಪ್ಪಳದ ತೂಕ.
ಯಾವಾಕಿದರ ಸೆರಗು ಬೀಸಿದ್ರ ಸಾಕು.

"ನೀವು ನಡಕೋತ ಬಾರಸಾವ್ರು,
ಇದು ಕುಂತ ಬಾರಸಾವ್ರ ಸಾಮಾನ,"
ಅಂದ ಹುಡುಗ, ನನ್ನ ಅಂಗಿ ತೋಳಿನ ಜರಿ ನೋಡಿ.
ಖರೇ ಅದ. ಕುಂತು ಬಾರಿಸಿದ್ದು ನೆನಪಿಲ್ಲ.
ಕುಂತು ಉಂಡದ್ದು ನೆನಪದ.

ಕಡೀ ಪಂಕ್ತಿ ನಮ್ಮದು,
ಮಂಟಪದ ಹಿಂದ, ಒಲಿಗುಂಡಿನ ಬೂದಿ ಈ ಕಡಿ,
ಚಪ್ಪಲಿ ಗುಂಪಿ ಆ ಕಡಿ.
ಕುರ್ಚಿ ಮ್ಯಾಲ ವಾದ್ಯ ಇಟ್ರ ಕುರ್ಚಿ ಬೇಕಂತಾರ.
ಗ್ವಾಡಿಗಿ ಆನಿಸಿದ್ರ ಹುಡುಗೂರ ಕಾಲು.
ನೆಲಕ್ಕ ಇಡೋ ಮಾತಿಲ್ಲ, ಅನ್ನ ಕೊಡೋ ಕಟ್ಟಿಗಿ ಅದು.
ಬಗಲಾಗ ಅವುಚಿ, ತೊಡಿ ಸಂದ್ಯಾಗ ಸಿಗಿಸಿ,
ಕಟಕ ಭಕ್ರಿ ಒಂದೇ ಕೈಲೆ ಮುರದು
ಮೂವತ್ತೊಂದು ಲಗ್ನಸರಾಯಿ ಉಂಡೀನಿ.
ಇದನ್ನ ಹುಡುಗಗ ಹೇಳಲಿಲ್ಲ.
ಹೊರಗ ತಗೊಂಡ ಬಾ, ಅಂದೆ.

ರಸ್ತಾದ ಕಡಿಗಲ್ಲಿನ ಮ್ಯಾಲ
ಚೇಳು ಒಂದು ಕಾಲು ಎತ್ತಿ ನಿಂತ್ತು.
ದೂಡಿದ್ರ ಇನ್ನೊಂದು ಎತ್ತಿತು.
ಮಕಮಲ್ಲಿಗಿ ಧೂಳ ಹತ್ತೀತು ಅಂತ
ಹುಡುಗ ಲಗೂನ ಒಳಗ ಒಯ್ದ.

ದುಧನಿ ಗಾಡಿಗಿ ಇನ್ನ ಎರಡು ತಾಸು.
ಬೀಡಿ ಘರಕುಲದಾಗ ಯೆಮುಲ್ ಗಂಗಾಧರನ ಮನಿ.
ಅವನ ಮಗ್ಗ ಕಿಲೋ ಲೆಕ್ಕಕ್ಕ ಹೋದ್ವು,
ಕಟ್ಟಿಗಿ ಕಂಡಿಕಿ ಯಾರೂ ಕೇಳಲಿಲ್ಲ.
ಮೂರು ಚೀಲ ಅದಾವ, ಅಟ್ಟದ ಮ್ಯಾಲ,
ನೂಲು ಓಡಿ ಓಡಿ ಮೈ ಕನ್ನಡಿ ಆದಂಥವು.
"ಎನ್ನಿ ಕಾವಾಲಿ?" ಅಂದ.
ನಾಲ್ಕು, ಅಂದೆ.
ಐದನೇದರ ಸುದ್ದಿ ತಗೀಲಿಲ್ಲ.

ಹೆಬ್ಬಟ್ಟು ಬಾಯಾಗ ಹೊಕ್ಕಿಸಿ ಅಳತಿ ತಗೊಂಡ,
ಗಿಡ್ಡದಕ್ಕ ಒಂದು ಕಂಡಿಕಿ ಅರದು ಸಣ್ಣ ಮಾಡಿದ.
ಕಾಲೆಷ್ಟು ಅಂತ ನಾನು ಕೇಳಿದ್ರ
ಒಲಿ ಕಡಿ ಬಳ್ಳು ತೋರಿಸಿದ:
ಮೂರು ಗುಂಡು, ಮ್ಯಾಲ ಗಡಿಗಿ,
ಯಾವ ನೆಲದಾಗೂ ಕುಣಿಯಂಗಿಲ್ಲ.
ತೂಕ ಮಾತ್ರ ಅದ. ಒಯ್ಯೂದು ದುರ್ಗಪ್ಪನ ಪಾಳಿ,
ಗಿಡ್ಡ ವಾದ್ಯದಾಂವಗ ಹೆಗಲು ಖಾಲಿ ಇರ್ತದ.
(ಅವ ಇದನ್ನ ಒಪ್ಪಿಲ್ಲ.)

ತೋಳನೂರಾಗ ಮೊದಲ ಸಲ ನಿಲ್ಲಿಸಿದ್ವಿ,
ಬೂದಿಗೂ ಚಪ್ಪಲಿಗೂ ನಡುವ.
ಬೀಗರ ಮುದುಕಿಯೊಬ್ಬಾಕಿ ಬಂದು
ಇದು ಯಾವ ದೇವ್ರು, ಅಂದ್ಲು.
ಸೈಫನ್ ಮೊಣಕೈ ಮಟ ಎರಡೂ ಕೈ ತೊಳಕೊಂಡ,
ಎರಡೂ ಕೈಲೆ ಭಕ್ರಿ ಮುರದ,
ಆ ಸಪ್ಪಳಕ್ಕ ಮಾವ ಕತ್ತೆತ್ತಿ ನೋಡಿದ.

ನನ್ನ ಎಡಗೈಗಿ ಏನೂ ತಿಳೀಲಿಲ್ಲ.
ಮೊಣಕಾಲ ಮ್ಯಾಲ ಕುಂತು
ಧೋತರದಾಗ ತೂತು ಹುಡುಕ್ತು, ಮೂರು ಮುಚ್ಚಿತು,
ಒಂದು ಬಿಚ್ಚಿತು.
ಹುಗ್ಗಿ ಬಕೀಟಿನಾಂವ ಬಂದು ಸೌಟು ಎತ್ತಿದಾಗ
ಬಾಯಿ ತುಂಬಿತ್ತು ನಂದು.
ಅದೇ ಎದ್ದು, ತಾಟಿನ ಮ್ಯಾಲ ಅಡ್ಡ ಬಂದು,
ಸಾಕು ಅಂತು.