ನೆಲ ಡೊಂಕು

ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದರೆ ಮೂರು ದಿನ.
ಹಿಂದೆಲ್ಲ ಬೀದಿಯುದ್ದ ಹಗ್ಗ ಕಟ್ಟುತ್ತಿದ್ದರಂತೆ,
ಜನ ಹಿಡಿದು ನಡೆಯಲಿ ಎಂದು.
ನಮ್ಮ ಕಾಫಿ ಗೋದಾಮಿನ ಆಫೀಸಿನಲ್ಲಿ ಹಿಡಿಯಲು ಹಗ್ಗವಿಲ್ಲ,
ಮೇಜಿದೆ, ಮೌಸ್ ಇದೆ.

ಸೋಮವಾರ ಒಂಬತ್ತು ಇಪ್ಪತ್ತಕ್ಕೆ
ಪರದೆಯ ಮೇಲಿನ ಬಾಣ ತಾನಾಗಿ ಹೊರಟಿತು.
ಸಾಂತೋಸಿನಿಂದ ಬಂದ ಮುನ್ನೂರ ಇಪ್ಪತ್ತು ಚೀಲಗಳನ್ನು
ಎರಡನೇ ಗೋದಾಮಿಗೆ ಎಂದು ಒತ್ತಲು ಹೋದೆ;
ಬಾಣ ಜಾರಿ, ಮೂಲೆಗೆ ಬಡಿದು, ವಾಪಸು ಬಂದು
ಅಷ್ಟನ್ನೂ ಹಾಂಬುರ್ಗಿಗೆ ಕಳಿಸಿಬಿಟ್ಟಿತು.

ಒರ್ನೆಲ್ಲಾ ಎದ್ದು ಬಂದಳು. ಯಜಮಾನ ತುಲ್ಲಿಯೋ ಬಂದ.
ಇಬ್ಬರೂ ಪರದೆ ನೋಡಲಿಲ್ಲ.
ನನ್ನ ಕೈ ನೋಡಿದರು.

ಹೌದು, ಕೈ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಶುರುವಾದದ್ದು.
ಮೊದಲು ಹೆಬ್ಬೆರಳು,
ಒಳಗೆ ಯಾರೋ ಕೂತು ಚಿಲ್ಲರೆ ಎಣಿಸುತ್ತಿರುವ ಹಾಗೆ.
ಕಿಸೆಯಲ್ಲಿಟ್ಟೆ, ಕೈಚೀಲದ ಹಿಡಿಗೆ ಸುತ್ತಿದೆ,
ಡಾಕ್ಟರ ಚೀಟಿಯನ್ನು ಅಡುಗೆ ಪುಸ್ತಕದಲ್ಲಿ ಬಚ್ಚಿಟ್ಟೆ,
ಹಾವುಮೀನಿನ ಸಾರಿನ ಪುಟದಲ್ಲಿ,
ನಮ್ಮ ಮನೆಯಲ್ಲಿ ಯಾರೂ ಅದನ್ನು ತಿನ್ನುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ನಾನು ಮೌಸ್ ಕೆಟ್ಟಿದೆ ಅಂದೆ.

ರಿಪೇರಿಗೆ ಬಂದವನು ಜೆರ್ಯಾಲ್,
ಗುಡ್ಡದ ಮೇಲಿನ ಸ್ಲೊವೀನರ ಹುಡುಗ, ಮೂಗು ಸೋರುತ್ತಿತ್ತು.
ಮೌಸನ್ನು ಅಂಗಾತ ಮಲಗಿಸಿ ಉಫ್ ಎಂದ.
ಅದರ ಕೆಂಪು ಕಣ್ಣಿನಿಂದ ಒಂದು ಕೂದಲು ತೆಗೆದ
(ನನ್ನದೇ, ಬಿಳಿಯದು).
ಕೆಳಗೆ ಕಾಗದ ಹಾಸಿದ. ಬಿಸಿಲು ಬೀಳದಂತೆ ಕರ್ಟನ್ ಎಳೆದ.
ಡ್ರೈವರ್ ಕಿತ್ತು ಮತ್ತೆ ಹಾಕಿದ, ವೈರಸ್ ಹುಡುಕಿದ,
ಹೊಸ ಮೌಸ್ ಚುಚ್ಚಿದ.
ಬಾಣ ತನ್ನ ಬಾಲ ಹಿಡಿಯುವ ನಾಯಿಮರಿ.

"ಕೈ ಸ್ವಲ್ಪ ತೆಗೀತೀರಾ, ಸಿನ್ಯೋರಾ ನೆರೀನಾ?"
ತೆಗೆದೆ.
ಬಾಣ ನಡುಗುತ್ತಲೇ ಇತ್ತು.
ಮೌಸಿನ ತಂತಿಯನ್ನೇ ಎಳೆದು ಹಾಕಿದ.
ಬಾಣ ನಡುಗುತ್ತಲೇ ಇತ್ತು.
ದೇವರೇ, ಅಷ್ಟು ಚಂದದ ನಡುಕ
ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಗಾಳಿ ಬಂದಾಗಷ್ಟೇ ಕುಣಿಯುತ್ತದೆ ಎಂದು
ಗಮನಿಸಿದವನೂ ಅವನೇ. ಕಿಟಕಿ ಗಡಗಡ ಅಂದರೆ ಓಟ,
ಗಾಳಿ ಉಸಿರೆಳೆದುಕೊಂಡರೆ ನಿಲುಗಡೆ.
ಮೊಣಕಾಲೂರಿ ಪೆಟ್ಟಿಗೆಯ ಬೆನ್ನು ತಡವಿದ.
ಧೂಳಿನಲ್ಲಿ ಉಗುರಿನಷ್ಟು ಕರಿ ತುಣುಕು.
ಯಾರದು? ಫುಲ್ವಿಯೋನದು,
ನನಗಿಂತ ಮುಂಚೆ ಈ ಕುರ್ಚಿ ಬೆಚ್ಚಗಿಟ್ಟವನದು.
ಬೆಟ್ಟ ಅಗೆದರೆ ಇಲಿ ಅನ್ನುತ್ತಾರಲ್ಲ, ಸಿಕ್ಕಿತು:
ಅವನ ತಂತಿಯಿಲ್ಲದ ಮೌಸ್, ಕೆಳಗಿನ ಡ್ರಾಯರಿನಲ್ಲಿ,
ಚೆಲ್ಲಿದ ಮಾದರಿ ಬೀಜಗಳ ಮೇಲೆ.
ಶುಕ್ರವಾರ ನಾನೇ ಬಿಸ್ಕತ್ತಿನ ಡಬ್ಬಿ ತುರುಕುವಾಗ
ಅದರ ಗುಂಡಿ ಒತ್ತಿರಬೇಕು.
ಗಾಳಿಗೆ ಗೋಡೆ, ಗೋಡೆಗೆ ಮೇಜು, ಮೇಜಿಗೆ ಬೀಜ,
ಬೀಜ ಅಲುಗಿದರೆ ಮುನ್ನೂರ ಇಪ್ಪತ್ತು ಚೀಲ ಹಾಂಬುರ್ಗಿಗೆ.

ಬ್ಯಾಟರಿ ಕಿತ್ತ.
ಬಾಣ ನಿಂತಿತು, ಮೊಳೆ ಹೊಡೆದ ಹಾಗೆ.
ಒರ್ನೆಲ್ಲಾ ನಕ್ಕಳು. ತುಲ್ಲಿಯೋ ಫೋನಿಗೆ ಓಡಿದ.
"ಒಮ್ಮೆ ನೋಡಿ" ಅಂದ ಹುಡುಗ.
ಹೊಸ ಮೌಸಿನ ಮೇಲೆ ಕೈ ಇಟ್ಟೆ.

ಬಾಣ ನಡುಗಿತು. ಸಣ್ಣಗೆ.
ಗಾಳಿಗೆ ಸಂಬಂಧವಿಲ್ಲದೆ.

ಅವನು ನೋಡಿದ. ನೋಡಿದ್ದನ್ನು ನಾನು ನೋಡಿದೆ.
ಏನೂ ಕೇಳದೆ ಸೆಟ್ಟಿಂಗ್ಸಿಗೆ ಹೋಗಿ
ಬಾಣದ ವೇಗ ಎರಡು ಗೆರೆ ಇಳಿಸಿದ,
ಬಾಣವನ್ನು ಕೊಂಚ ದೊಡ್ಡದು ಮಾಡಿದ,
ಮೂಗೊರೆಸಿಕೊಂಡು, ಕಾಫಿ ಇದೆಯಾ ಅಂದ.
ಕಾಫಿ! ಈ ಕಟ್ಟಡದಲ್ಲಿ!

ರಸೀದಿಯಲ್ಲಿ ಬರೆದ:
ಕಾರಣ, ಡ್ರಾಯರಿನಲ್ಲಿ ಇನ್ನೊಂದು ಮೌಸ್.
ದೋಷಗಳ ಸಂಖ್ಯೆ, ಒಂದು.

ಪೆನ್ನು ಕೊಟ್ಟ. ಸಹಿ ಹಾಕಿದೆ.
ಬೋರಾ ಬೀಸುವಾಗ ಹಾಕಿದ ಸಹಿ,
ಸೊಟ್ಟಗಿದ್ದರೆ
ಯಾರು ಏನು ಅಂದಾರು.