ಕಂಡಿ

ಉಪ್ಪಳದಲ್ಲಿ, ಷಟ್ಪಥ ನುಂಗಿ ಉಳಿಸಿದ ಅರ್ಧ ಅಂಗಡಿಯಲ್ಲಿ,
ಝೆರಾಕ್ಸ್ ಯಂತ್ರದ ಹಿಂದೆ, ನೀರು ಸೋರದ ಒಂದೇ ಮೂಲೆಯಲ್ಲಿ
ನಮ್ಮ ಸರ್ವರು ಉಂಟು. ಚಪ್ಪಲಿ ಪೆಟ್ಟಿಗೆಗಿಂತ ಸಣ್ಣದು.
ಮುಟ್ಟಿದರೆ ಕರುವಿನ ಕಿವಿಯಷ್ಟು ಬಿಸಿ.

ಇನ್ನೂರ ಹನ್ನೆರಡು ಜನ. ಹೆಸರು ಕಟ್ಟಪುಣಿ.
ಗದ್ದೆಗೂ ಗದ್ದೆಗೂ ನಡುವೆ ಒಂದು ಕಾಲು ಹಿಡಿಯುವಷ್ಟು ಮಣ್ಣು;
ಅದಕ್ಕೊಂದು ಕಂಡಿ ಕಡಿದರೆ ಮೇಲಿನವರ ನೀರು ನಮಗೆ,
ನಮ್ಮದು ಕೆಳಗಿನವರಿಗೆ. ಯಜಮಾನ ಎಂಬವನಿಲ್ಲ.
ದೂರು ಕೊಡಲಿಕ್ಕೆ ಹೋದರೆ ಆಫೀಸೂ ಇಲ್ಲ.
ಕಳೆಯ ಬೀಜ ಬರುವುದೂ ಅದೇ ನೀರಿನಲ್ಲಿ.

ಸೇರಬೇಕೆನ್ನುವವರಿಗೆ ಒಂದೇ ಪ್ರಶ್ನೆ:
ನಿಮ್ಮಲ್ಲಿ ಬಂಗುಡೆಗೆ ಯಾವ ಹುಳಿ ಹಾಕುತ್ತೀರಿ?
(ಮೀನು ತಿನ್ನುವುದಿಲ್ಲ ಎಂದರೂ ಪಾಸು.)
ರಾತ್ರಿ ಎರಡೂವರೆಗೆ, ಮೊದಲ ಮಳೆಗೆ ಹಾತೆ ಎದ್ದ ಹಾಗೆ
ನಲವತ್ತು ಖಾತೆ, ನಲವತ್ತಕ್ಕೂ ಒಂದೇ ಗುಲಾಬಿಯ ಮುಖ:
"ಆತ್ಮೀಯರೇ, ನಾನು ಬಂಗುಡೆ ಅನ್ನು ಗೌರವಿಸುತ್ತೇನೆ.
ಹುಳಿಯು ನನ್ನ ಕುಟುಂಬದ ಮೌಲ್ಯ ಆಗಿದೆ."
ಮೋನಪ್ಪ ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು.
ಕೆಂಪು ಗೆರೆ ಎಳೆದ ಕೈ ಅದು;
ಬೆಳಗಾಗುವುದರೊಳಗೆ ನಲವತ್ತೂ ಫೇಲು.

ಬಾಟುಗಳ ಮೇಲೆ ನನಗೆ ಸಿಟ್ಟಿಲ್ಲ.
ಹಾತೆಗೆ ದೀಪದ ಮೇಲೆ ಎಂತ ಹಗೆ?
ಗುಡಿಸಿದರೆ ಮುಗಿಯಿತು, ರೆಕ್ಕೆ ನಾಲ್ಕು ಉಳಿಯುತ್ತದೆ.
ಒಮ್ಮೆ ಎರಡು ದಿನ ಗುಡಿಸಲಿಲ್ಲ, ಲಿಲ್ಲಿ ಬಾಯಿಯ ಮಗಳ ಮದುವೆ.
ನಮ್ಮ ಕಂಡಿಯಿಂದ ಲಾಟರಿಯ ಹೊಲಸು ಹರಿದು
ಅಕ್ಕಲಕೋಟೆಯವರ ಅಂಗಳ ತುಂಬಿತು.
ಅವರು ಮಣ್ಣು ತಂದು ಮುಚ್ಚಿಬಿಟ್ಟರು, ಹದಿನೇಳು ದಿನ.
"ಮೊದಲ ನಿಮ್ಮ ಮನಿ ಕಸ ಬಳೀರಿ, ಆಮ್ಯಾಲೆ ಬಾಗಲಾ ಬಡೀರಿ."
ಸರಿಯಾಗಿಯೇ ಹೇಳಿದ್ದರು.
ಬಳಿದೆವು. ಬಡಿದೆವು.

ಇವನು ಬೇರೆ.
ಹೆಸರು ಸತ್ಯದರ್ಶಿ. ಮುಖದ ಜಾಗದಲ್ಲಿ ಹುಲಿ.
ಅವನ ಕನ್ನಡದಲ್ಲಿ ಒಂದು ಒತ್ತಕ್ಷರ ತಪ್ಪಿಲ್ಲ.
ಸಫೂರಾ ರಾತ್ರಿ ಡ್ಯೂಟಿಯ ಬಗ್ಗೆ ನಾಲ್ಕು ಸಾಲು ಬರೆದರೆ
ಕೆಳಗೆ ಬಂದು ಕೂರುತ್ತಾನೆ. ಎಬ್ಬಿಸಿದರೆ
ಇನ್ನೊಂದು ಸರ್ವರಿನಿಂದ ಇನ್ನೊಂದು ಹುಲಿ.
ಆ ಕಂಡಿಯನ್ನೇ ಮುಚ್ಚುವ ಎಂದರೆ
ಅದರಾಚೆ ನಮ್ಮ ಮೂವತ್ತು ಮಂದಿಯ ನೆಂಟರು.
ಎಲ್ಲೋ ದೂರದವನು, ದುಬಾಯಿಯೋ ದಾವಣಗೆರೆಯೋ,
ಎಂದು ಸಮಾಧಾನ ಮಾಡಿಕೊಂಡಿದ್ದೆವು. ಮೊನ್ನೆ ಬರೆದ:
"ಪೊಕ್ಕಡೆ ಕವಿತೆ ಬರೆಯುವುದು ಬೇಡ. ನಾಳೆ ಬೆಳಿಗ್ಗೆ
ಗೋಳಿ ಸ್ಟಾಪಿನಲ್ಲಿ ಇಳಿಯುತ್ತಿಯಲ್ಲ, ಆಗ ಮಾತಾಡುವ."

ಗೋಳಿ ಸ್ಟಾಪು.
ಮರ ಕಡಿದು ನಾಲ್ಕು ವರ್ಷ. ಬೋರ್ಡಿನಲ್ಲಿ ಆ ಹೆಸರಿಲ್ಲ,
ಮ್ಯಾಪಿನಲ್ಲಿಲ್ಲ, ಹೊಸ ಕಂಡಕ್ಟರನ ಬಾಯಲ್ಲಿಲ್ಲ.
ಆ ನೆರಳಿನಲ್ಲಿ ಬಸ್ಸು ಕಾದವರು ಮಾತ್ರ ಹಾಗೆನ್ನುತ್ತಾರೆ.

ಖಾತೆ ಅಳಿಸಿದೆ. ಅಳಿಸುವ ಮೊದಲು ಪ್ರತಿ ತೆಗೆದಿಟ್ಟೆ,
ಕಸುಬೇ ಅದಲ್ಲವಾ. ಆಮೇಲೆ ಇಡೀ ದಿನ
ಕೌಂಟರಿಗೆ ಬಂದ ಕೈಗಳನ್ನೇ ನೋಡಿದೆ:
ಆಧಾರ್ ಚಾಚಿದ ಕೈ, ಮರಣಪತ್ರ ಚಾಚಿದ ಕೈ,
ಚಿಲ್ಲರೆ ಎಣಿಸುವಾಗ ನಡುಗುವ ಕೈ.
ಯಾವುದಕ್ಕೂ ಪಟ್ಟೆ ಇರಲಿಲ್ಲ.
ಎಲ್ಲರಿಗೂ ಕೇಳಿದಷ್ಟು ಪ್ರತಿ ಕೊಟ್ಟೆ.

ಬೆಳಿಗ್ಗೆ ಆರು ಹತ್ತು. ಇಲ್ಲದ ಮರದ ಅಡಿಯಲ್ಲಿ ಮೂವರು:
ಮೇಷ್ಟ್ರು, ಮೋಡವಿಲ್ಲದಿದ್ದರೂ ಕೊಡೆ; ಲಿಲ್ಲಿ ಬಾಯಿ; ನಾನು.
ಮಂಗಳೂರಿನ ಬಸ್ಸು ನಿಂತಿತು. ಸಫೂರಾ ಇಳಿದಳು,
ಕೆಂಪು ಕಣ್ಣು, ಖಾಲಿ ಬುತ್ತಿ.
"ಎಂತ, ಎಲ್ಲರೂ?"
"ಸುಮ್ಮನೆ."
"ನಾನೂ ಓದಿದ್ದೇನೆ ಅದನ್ನು" ಎಂದಳು.

ಯಾರೂ ಬರಲಿಲ್ಲ.
ಸೊಸೈಟಿಗೆ ಹಾಲು ಒಯ್ಯುವ ದೂಮಣ್ಣ ಮಾತ್ರ
ಸೈಕಲಿನಿಂದ ಒಂದು ಕಾಲು ಊರಿ ನಿಂತರು:
"ಎಂತಕ್ಕ, ಗೋಳಿ ಸ್ಟಾಪಿನಲ್ಲಿ ಇಷ್ಟು ಜನ ಕಾಣದೆ ಎಷ್ಟು ಕಾಲವಾಯ್ತು!
ಯಾರಾದರೂ ಬರಲಿಕ್ಕುಂಟಾ?"

ಮೇಷ್ಟ್ರು ನನ್ನ ಮುಖ ನೋಡಿದರು.
ನಾನು ಹ್ಯಾಂಡಲಿನ ಮೇಲಿನ ಆ ಕೈ ನೋಡಿದೆ.
"ಬಂದಾಯ್ತು" ಎಂದಳು ಸಫೂರಾ.